ಸರ್ ಕೊಡುತ್ತಿದ್ದ ಪ್ರಸಾದ

ಅವರನ್ನು ನೆನೆದರೆ ನನ್ನ ಕಣ್ಣ ಮುಂದೆ ಮೊದಲು ಬರುವುದು ಅವರ ನಾಲಿಗೆ. ಅಗಲವಾದ ನಾಲಿಗೆ, ಅದರ ಮೇಲೆ ಅಗಿದ ಮಾತ್ರೆಯ ಬಿಳಿ ಹಿಟ್ಟು. ಅಂಗಿಯ ಜೇಬಿನಿಂದ ಸ್ಟ್ರಿಪ್ ತೆಗೆದು, ಅದನ್ನು ಹಲ್ಲಿನಿಂದಲೇ ಕಚ್ಚಿ ಹರಿದು, ಎರಡು ಮಾತ್ರೆ ಬಾಯಿಗೆ ಎಸೆದುಕೊಂಡು ಹುರಿಗಡಲೆಯ ಹಾಗೆ ಕಟಕಟ ಅಗಿಯುತ್ತಿದ್ದರು. ಆಮೇಲೆ ನಮ್ಮ ಕಡೆ ತಿರುಗಿ ನಾಲಿಗೆಯನ್ನು ಪೂರ್ತಿ ಹೊರಗೆ ಚಾಚುತ್ತಿದ್ದರು.

"ನೋಡಿ, ನೀರೂ ಬೇಡ, ಎಂತದೂ ಬೇಡ. ಮೈಯಲ್ಲಿ ದಮ್ ಇರುವವರು ಹೀಗೆ ತಿನ್ಬೇಕು."

ನಾವು ಹುಡುಗಿಯರು ಕಿಸಕ್ಕನೆ ನಗುತ್ತಿದ್ದೆವು. ಈಗ ಅದನ್ನು ನೆನೆದರೆ ನನಗೆ ನಗು ಬರುವುದಿಲ್ಲ.

ಅವರು ನಮ್ಮ ಕಾಲೇಜಿನ ಪಿ.ಟಿ. ಸರ್. ಹುಡುಗರ ಮತ್ತು ಹುಡುಗಿಯರ ವಾಲಿಬಾಲ್ ಟೀಮುಗಳೆರಡಕ್ಕೂ ಅವರೇ ಕೋಚ್. ತೀರಿಕೊಂಡು ಕೆಲವು ತಿಂಗಳಾಯಿತು. ಅವರ ಬಗ್ಗೆ ಒಳ್ಳೆಯದನ್ನು ಹೇಳುವವರು ಈ ಊರಿನಲ್ಲಿ ಬೇಕಾದಷ್ಟಿದ್ದಾರೆ. ಹೇಳಿಯೂ ಆಗಿದೆ, ಪೇಪರಿನಲ್ಲಿ ಫೋಟೋ ಹಾಕಿಸಿಯೂ ಆಗಿದೆ. ನಾನು ಕಂಡದ್ದನ್ನು ಹೇಳುವವರು ಯಾರೂ ಇಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ.

ಪೇಟೆಯ ಹೊರಗೆ ವಾಮಂಜೂರಿನಲ್ಲಿದ್ದ ಆ ಕಾಲೇಜಿನ ಮೈದಾನಕ್ಕೆ ಆಗ ಬೇಲಿ ಇರಲಿಲ್ಲ. ಜೋರಾಗಿ ಹೊಡೆದ ಚೆಂಡು ನೇರ ಪಕ್ಕದ ಗದ್ದೆಗೆ ಬೀಳುತ್ತಿತ್ತು. ಸರ್ ಪ್ಯಾಂಟು ಮಡಚಿ, ಶೂ ಬಿಚ್ಚಿಟ್ಟು, ತಾವೇ ಕೆಸರಿಗೆ ಇಳಿದು ಚೆಂಡು ತರುತ್ತಿದ್ದರು. ನಮ್ಮನ್ನು ಇಳಿಯಲು ಬಿಡುತ್ತಿರಲಿಲ್ಲ. "ನೀವು ಕಾಲು ಮುರ್ಕೊಂಡ್ರೆ ನನಗೆ ಟೀಮ್ ಎಲ್ಲಿಂದ?" ಎನ್ನುತ್ತಿದ್ದರು. ಮ್ಯಾಚಿಗೆ ಹೋಗುವಾಗ ಬಸ್ಸಿನ ಬಾಗಿಲ ಪಕ್ಕದ ಸೀಟಿನಲ್ಲಿ ಅವರೇ ಕೂರುತ್ತಿದ್ದರು, ಯಾರೂ ನಮ್ಮ ಮೈಮೇಲೆ ಬೀಳಬಾರದೆಂದು. ಹುಡುಗಿಯರಿಗೆ ಟೀಮ್ ಎಂತದಕ್ಕೆ ಎಂದು ಆಡಳಿತದವರು ಕೇಳಿದಾಗ ಮೇಜು ಕುಟ್ಟಿ ಜಗಳಾಡಿದ್ದರು. ಇದೆಲ್ಲ ನಿಜ. ಇದನ್ನು ಬಿಟ್ಟು ಬರೆದರೆ ನಾನು ಸುಳ್ಳು ಬರೆದಂತೆ. ಆದರೆ ಇದನ್ನು ಮಾತ್ರ ಬರೆದರೆ ಅದು ಇನ್ನೂ ದೊಡ್ಡ ಸುಳ್ಳು.

ನಮ್ಮ ಟೀಮಿನ ಜೀವವೆಂದರೆ ಹೇಮಾ. ಕುದ್ರೋಳಿಯ ಹುಡುಗಿ. ಅಪ್ಪ ಬೋಟಿಗೆ ಹೋಗುತ್ತಿದ್ದರು, ಅಮ್ಮ ಮಾರ್ಕೆಟಿನಲ್ಲಿ ಮೀನು ಮಾರುತ್ತಿದ್ದರು. ಹೇಮಾ ನೆಟ್‌ನ ಹತ್ತಿರ ಹಾರಿದರೆ ಎದುರಿನವರು ಕೈ ಮೇಲೆತ್ತುವುದನ್ನೇ ಮರೆಯುತ್ತಿದ್ದರು. ಅವಳನ್ನು ಆಡಲು ಕಳಿಸುವುದಿಲ್ಲ ಎಂದು ಅಪ್ಪ ಹಟ ಹಿಡಿದಾಗ ಸರ್ ಅವಳ ಮನೆಗೇ ಹೋದರು. ಹೆಸರಾಂತ ಗುತ್ತಿನ ಮನೆಯ, ಅಂದರೆ ಹಳೆಯ ಜಮೀನ್ದಾರರ ಮನೆಯ ಮನುಷ್ಯ, ಅವರ ಮನೆಯವರಿಗೆ ಪೇಟೆಯಲ್ಲಿ ಹೋಟೆಲುಗಳಿದ್ದವು. ಅಂಥವರು ಹೇಮನ ಮನೆಯ ಚಾವಡಿಯಲ್ಲಿ ನೆಲದ ಮೇಲೆ ಕೂತು, ಬಂಗುಡೆ ಸಾರಿನಲ್ಲಿ ಊಟ ಮಾಡಿ, "ಇವಳನ್ನು ನನ್ನ ಮಗಳ ಹಾಗೆ ನೋಡ್ಕೊಳ್ತೇನೆ, ಅಣ್ಣ" ಎಂದರಂತೆ. ಹೇಮನ ಅಮ್ಮ ಅದನ್ನು ಮಾರ್ಕೆಟಿನ ಎಲ್ಲರಿಗೂ ಹೇಳಿಕೊಂಡು ಬಂದರು. ಅಂದಿನಿಂದ ಆ ಮನೆಯಲ್ಲಿ ಸರ್ ಹೇಳಿದ್ದಕ್ಕೆ ಎದುರಾಡುವವರಿರಲಿಲ್ಲ.

ಸರ್‌ನ ಹತ್ತಿರ ಎಲ್ಲ ನೋವಿಗೂ ಒಂದೇ ಮದ್ದು. ಆಫೀಸಿನ ಕ್ಲಾರ್ಕಿನ ಸೊಂಟಕ್ಕೆ, ವಾಚ್‌ಮನ್ನಿನ ಹಲ್ಲಿಗೆ, ನಮ್ಮ ಕಾಲಿಗೆ, ಎಲ್ಲದಕ್ಕೂ ಜೇಬಿನ ಸ್ಟ್ರಿಪ್ಪೇ. ಯಾವುದೋ ಮೆಡಿಕಲ್‌ನಿಂದ ಡಬ್ಬಿಗಟ್ಟಲೆ ತರುತ್ತಿದ್ದರು. ಡಾಕ್ಟರ ಚೀಟಿ ಕೇಳುವವರಿಲ್ಲ, ಯಾರಿಗೆ ಎಂದು ಕೇಳುವವರೂ ಇಲ್ಲ. ಅದಕ್ಕೆ ಅವರಿಟ್ಟ ಹೆಸರು ಪ್ರಸಾದ.

ಮ್ಯಾಚಿನ ಮೊದಲು ಆಡುವ ಆರು ಮಂದಿ ಸಾಲಾಗಿ ನಿಂತು ಬಲಗೈ ಚಾಚಬೇಕು. ಸರ್ ಒಬ್ಬೊಬ್ಬರ ಅಂಗೈಗೆ ಒಂದೊಂದು ಮಾತ್ರೆ ಹಾಕುತ್ತಾ ಬರುತ್ತಿದ್ದರು. ನೋವಿರಲಿ, ಇಲ್ಲದಿರಲಿ. ನೋವು ಬರುವ ಮೊದಲೇ ಕೊಟ್ಟರೆ ಅದು ಬರುವ ದಾರಿಯನ್ನೇ ಮರೆಯುತ್ತದೆ ಎಂಬುದು ಅವರ ವಾದ. ನುಂಗಿದ ಮೇಲೆ ಬಾಯಿ ಕಳೆದು ನಾಲಿಗೆ ತೋರಿಸಬೇಕು. ಅವರು ಬಗ್ಗಿ ಒಬ್ಬೊಬ್ಬರ ಬಾಯಿಯನ್ನೂ ಇಣುಕಿ ನೋಡುತ್ತಿದ್ದರು. ಇಪ್ಪತ್ತು ವರ್ಷವೂ ತುಂಬದ ಹುಡುಗಿಯರು ಬಾಯಿ ತೆರೆದು ನಿಂತ ಆ ಸಾಲು ನೆನಪಾದಾಗಲೆಲ್ಲ ನನಗೆ ದನದ ಡಾಕ್ಟರು ನೆನಪಾಗುತ್ತಾರೆ.

ನಾನು ಆ ಸಾಲಿನಲ್ಲಿ ಇರುತ್ತಿದ್ದುದು ಕಡಿಮೆ. ನನ್ನದು ಬೆಂಚು. ಬೆಂಚಿನವರಿಗೆ ಪ್ರಸಾದ ಇರಲಿಲ್ಲ. ಆಗ ಅದಕ್ಕಾಗಿ ನನಗೆ ಸಾಲಿನಲ್ಲಿ ನಿಂತವರ ಮೇಲೆಲ್ಲ ಹೊಟ್ಟೆಕಿಚ್ಚು.

ಒಮ್ಮೆ ನಮ್ಮಲ್ಲಿ ಒಬ್ಬಳು ಮುಟ್ಟಿನ ಹೊಟ್ಟೆನೋವಿನಿಂದ ಮುದುಡಿ ಕೂತಿದ್ದಳು. ಸರ್ ಇಡೀ ಮೈದಾನಕ್ಕೆ ಕೇಳುವ ಹಾಗೆ, "ಎಂತ, ತಿಂಗಳಿಂದಾ? ಅದಕ್ಕೆಂತ ಕೂರುದು? ಪ್ರಸಾದ ತಗೋ, ಆಡು" ಎಂದರು. ಹುಡುಗರ ಟೀಮಿನವರು ನಿಂತು ನೋಡುತ್ತಿದ್ದರು. ಅವಳು ಮಾತ್ರೆ ನುಂಗಿ, ತಲೆ ತಗ್ಗಿಸಿ ಆಡಿದಳು. ಮರುವರ್ಷ ಟೀಮು ಬಿಟ್ಟಳು. ಅವಳ ಬಗ್ಗೆ ಸರ್ ಹೇಳಿದ್ದು ಒಂದೇ ಮಾತು: "ಪುಕ್ಕಲು."

ಕೊನೆಯ ವರ್ಷದ ಫೈನಲ್ ಪೇಟೆಯ ಮೈದಾನದಲ್ಲಿತ್ತು. ಹಿಂದಿನ ದಿನದ ಸೆಮಿಫೈನಲ್‌ನಲ್ಲಿ ಹೇಮಾ ಹಾರಿ ಇಳಿಯುವಾಗ ಮೊಣಕಾಲು ತಿರುಚಿತ್ತು. ಬೆಳಗ್ಗೆ ನೋಡಿದರೆ ಮೊಣಕಾಲು ಎಳನೀರಿನ ಹಾಗೆ ಊದಿಕೊಂಡಿದೆ, ಮುಟ್ಟಿದರೆ ಬಿಸಿ. ಅವಳು ತಿಂಡಿ ಸಹ ತಿನ್ನದೆ ಬಂದಿದ್ದಳು.

"ಸರ್, ಇವತ್ತು ಆಗುದಿಲ್ಲ ಅಂತ ಕಾಣ್ತದೆ" ಎಂದಳು.

ಸರ್ ಮಂಡಿಯೂರಿ ಕೂತು ಅವಳ ಕಾಲನ್ನು ಒತ್ತಿ ನೋಡಿದರು. ಹೇಮಾ ಚೀರಿದಳು.

"ಕಾಲಿನಲ್ಲಿ ಎಂತದೂ ಇಲ್ಲ. ನೋವಿರುದು ನಿನ್ನ ಮಂಡೆಯಲ್ಲಿ" ಎಂದರು. ಜೇಬಿಗೆ ಕೈಹಾಕಿ ಎರಡು ಮಾತ್ರೆ ಕೊಟ್ಟರು. ಸ್ವಲ್ಪ ಹೊತ್ತು ಬಿಟ್ಟು ಬೇರೆ ಬಣ್ಣದ್ದು ಇನ್ನೊಂದು ಕೊಟ್ಟರು. "ನಿನ್ನ ಅಮ್ಮ ಬಿಸಿಲಲ್ಲಿ ಬುಟ್ಟಿ ಹೊತ್ತು ಹೋಗುವಾಗ ಕಾಲು ನೋವು ಅಂತ ಕೂತ್ಕೊಳ್ತಾಳಾ? ಹಾಂ?"

ಹೇಮಾ ಆಡಿದಳು. ನಾವು ಗೆದ್ದೆವು. ಒಂದು ಕೈಯಲ್ಲಿ ಗೆದ್ದ ಕಪ್ ಹಿಡಿದ ಸರ್ ಇನ್ನೊಂದನ್ನು ಅವಳ ಹೆಗಲ ಮೇಲಿಟ್ಟು, ಮೈಕಿನಲ್ಲಿ "ಈ ಹುಡುಗಿಗೆ ನೋವು ಅಂದ್ರೆ ಎಂತ ಅಂತಲೇ ಗೊತ್ತಿಲ್ಲ" ಎಂದರು. ಚಪ್ಪಾಳೆಯೋ ಚಪ್ಪಾಳೆ. ಅದಾಗಿ ಸ್ವಲ್ಪ ಹೊತ್ತಿಗೆ ಮೈದಾನದ ಗೋಡೆಯ ಹಿಂದೆ ಹೇಮಾ ವಾಂತಿ ಮಾಡುತ್ತಿದ್ದಳು. ಹೊಟ್ಟೆಯಲ್ಲಿ ಏನೂ ಇಲ್ಲದೆ ಬರೀ ಹಳದಿ ನೀರು ಬರುತ್ತಿತ್ತು. ನಾನು ಅವಳ ಜಡೆ ಹಿಡಿದುಕೊಂಡು ನಿಂತಿದ್ದೆ. ಬಾಯಿ ಒರೆಸಿಕೊಂಡು ಅವಳು ನನ್ನನ್ನು ಕೇಳಿದ್ದು ಇಷ್ಟೆ: "ಸರ್ ಹೇಳಿದ್ದು ಕೇಳಿದ್ಯಾ?" ಮುಖದಲ್ಲಿ ಹಿಗ್ಗು.

ಆ ಕಾಲನ್ನು ಯಾವ ಡಾಕ್ಟರೂ ನೋಡಲಿಲ್ಲ. ಅದು ತನ್ನಷ್ಟಕ್ಕೆ ಅರ್ಧಂಬರ್ಧ ಸರಿಯಾಯಿತು.

ಕಾಲೇಜು ಮುಗಿದ ಮೇಲೆ ಹೇಮಾ ಹಂಪನಕಟ್ಟೆಯ ಒಂದು ಬಟ್ಟೆ ಅಂಗಡಿಯಲ್ಲಿ ಸೇಲ್ಸಿಗೆ ಸೇರಿದಳು. ಬೆಳಗ್ಗೆಯಿಂದ ಸಂಜೆಯವರೆಗೆ ನಿಂತೇ ಇರುವ ಕೆಲಸ. ಸೀರೆ ಬಿಡಿಸುವುದು, ಮಡಚುವುದು, ಏಣಿ ಹತ್ತುವುದು. ಮದುವೆಯಾಯಿತು. ಗಂಡನಿಗೆ ಬೋಟುಗಳು ಮೀನು ಇಳಿಸುವ ದಕ್ಕೆಯಲ್ಲಿ ಕೆಲಸ. ನನಗೆ ಅದೇ ರಸ್ತೆಯ ಒಂದು ಆಫೀಸಿನಲ್ಲಿ ನೌಕರಿ ಸಿಕ್ಕಿತು. ಮಧ್ಯಾಹ್ನದ ಊಟ ಇಬ್ಬರದೂ ಒಟ್ಟಿಗೆ. ಬುತ್ತಿ ಬಿಚ್ಚುವ ಮೊದಲು ಹೇಮಾ ಬ್ಯಾಗಿನಿಂದ ಸ್ಟ್ರಿಪ್ ತೆಗೆದು ಒಂದು ನುಂಗುತ್ತಿದ್ದಳು. ಬೆಳಗ್ಗೆ ಬರೀ ಚಹಾದ ಜೊತೆ ಒಂದು ಆಗಿರುತ್ತಿತ್ತು. ಸೀಸನ್ನಿನಲ್ಲಿ ಅಂಗಡಿಯಲ್ಲಿ ರಶ್ ಇದ್ದರೆ ಸಂಜೆ ಇನ್ನೊಂದು. ತಲೆನೋವು ಬಂದರೆ ಬೇರೆ ಹೆಸರಿನದು.

"ಹೀಗೆ ದಿನಾ ತಿಂದ್ರೆ ಎಂತಾದ್ರೂ ಆದೀತು ಮಾರಾಯ್ತಿ, ಒಮ್ಮೆ ಡಾಕ್ಟ್ರಿಗೆ ತೋರಿಸು" ಎಂದು ನಾನು ಹೇಳಿದರೆ ಅವಳ ಉತ್ತರ ಸಿದ್ಧ.

"ಸರ್‌ಗೆ ಫೋನ್ ಮಾಡಿ ಕೇಳಿದ್ದೇನೆ. ಅದನ್ನೇ ತಗೋ, ಎಂತ ಆಗುದಿಲ್ಲ ಅಂದಿದ್ದಾರೆ. ಅವರೂ ತಗೊಳ್ತಾರಲ್ಲ ಇಷ್ಟು ವರ್ಷದಿಂದ?"

ಸರ್ ತಗೊಳ್ಳುತ್ತಿದ್ದುದು ನಿಜ. ಒಂದು ಮದುವೆ ಹಾಲಿನಲ್ಲಿ ಅವರನ್ನು ಕಂಡಾಗ ನನಗೆ ಗಾಬರಿಯಾಗಿತ್ತು. ಕಾಲುಗಳು ಎರಡೂ ಬಿಲ್ಲಿನ ಹಾಗೆ ಬಾಗಿದ್ದವು. ಕುರ್ಚಿಯಿಂದ ಏಳುವಾಗ ಮೇಜಿನ ಅಂಚು ಹಿಡಿದು, ಮುಖ ಕಿವುಚಿ, ಯಾರೋ ನೋಡುತ್ತಿದ್ದಾರೆಂದು ಗೊತ್ತಾದ ಕೂಡಲೇ ಎದೆಯುಬ್ಬಿಸಿದರು. ಊಟವಾದ ಮೇಲೆ ಪಂಕ್ತಿಯಲ್ಲಿ ಕೂತವರಿಗೆಲ್ಲ ಬೀಡಾ ಹಂಚುವ ಹಾಗೆ ಮಾತ್ರೆ ಹಂಚಿದರು. ಮೊಣಕಾಲಿಗಾ, ತಗೊಳ್ಳಿ, ಭುಜಕ್ಕಾ, ತಗೊಳ್ಳಿ. ಹಲ್ಲಿನಲ್ಲಿ ಹರಿದ ಸ್ಟ್ರಿಪ್ಪಿಗೆ ಅವರ ಎಂಜಲು ಹತ್ತಿತ್ತು. ಜನ ಎರಡೂ ಕೈಯಲ್ಲಿ ತೆಗೆದುಕೊಂಡರು.

ಹೇಮನ ಪಾದ ಊದಿಕೊಳ್ಳಲು ಶುರುವಾದದ್ದು ಎರಡು ವರ್ಷದ ಹಿಂದೆ. ಸಂಜೆ ಚಪ್ಪಲಿಯ ಪಟ್ಟಿಯ ಗುರುತು ಚರ್ಮದಲ್ಲಿ ಇಳಿದಿರುತ್ತಿತ್ತು. ಬೆಳಗ್ಗೆ ಕಣ್ಣಿನ ಸುತ್ತ ಬಾವು. ಊಟ ಸೇರುತ್ತಿರಲಿಲ್ಲ. ಒಂದು ದಿನ ಏಣಿಯ ಮೇಲೆ ತಲೆ ಸುತ್ತಿ ಬೀಳುವುದರಲ್ಲಿದ್ದಳು ಎಂದು ಅಂಗಡಿಯವರು ನನಗೆ ಫೋನು ಮಾಡಿದರು. ನಾನು ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಬಿಪಿ ಕಂಡು ನರ್ಸ್ ಎರಡು ಸಲ ನೋಡಿದಳು. ರಕ್ತ, ಮೂತ್ರ ಪರೀಕ್ಷೆಯಾಯಿತು. ರಿಪೋರ್ಟು ಹಿಡಿದ ಡಾಕ್ಟರು ನಮಗಿಂತ ಚಿಕ್ಕ ವಯಸ್ಸಿನ ಹೆಂಗಸು.

"ಯಾವ್ದಾದ್ರೂ ಮಾತ್ರೆ ತಗೊಳ್ತಾ ಇದ್ದೀರಾ?" ಎಂದು ಕೇಳಿದರು.

"ಇಲ್ಲ ಡಾಕ್ಟ್ರೇ."

"ಶುಗರಿಗೆ, ಬಿಪಿಗೆ, ಎಂತದಕ್ಕೂ?"

"ಎಂತದೂ ಇಲ್ಲ."

ಅವಳು ಸುಳ್ಳು ಹೇಳುತ್ತಿರಲಿಲ್ಲ. ನಾನೇ ನಡುವೆ ಬಾಯಿ ಹಾಕಿದೆ. "ಹೇಮಾ, ಬ್ಯಾಗಿನಲ್ಲಿ ಇರುದು?"

"ಅದು ನೋವಿಂದಲ್ವಾ? ಅದು ಮದ್ದು ಅಲ್ಲ ಮಾರಾಯ್ತಿ, ಹಾಗೇ ಅಂಗಡಿಯಲ್ಲಿ ಸಿಗ್ತದೆ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಎಷ್ಟು ಸಮಯದಿಂದ ತಗೊಳ್ತಿದ್ದೀರಿ?"

"ಕಾಲೇಜಿನಿಂದ."

ಬ್ಯಾಗಿನಿಂದ ಸ್ಟ್ರಿಪ್ಪುಗಳನ್ನು ಮೇಜಿನ ಮೇಲೆ ಇಡಿಸಿದರು. ಒಂದೊಂದನ್ನೂ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿದರು. "ಇದು ಮತ್ತು ಇದು ಹೆಸರು ಮಾತ್ರ ಬೇರೆ. ಒಳಗೆ ಒಂದೇ ಔಷಧಿ. ನೀವು ಕೆಲವು ದಿನ ಡಬಲ್ ತಗೊಂಡಿದ್ದೀರಿ, ನಿಮಗೆ ಗೊತ್ತಿಲ್ಲದೆ."

ಆಮೇಲೆ ಅವರು ನಿಧಾನವಾಗಿ ಹೇಳಿದರು. ಎರಡು ಮೂರು ದಿನಕ್ಕೆ, ಊಟದ ಮೇಲೆ, ಬೇಕಾದಷ್ಟೇ ತೆಗೆದುಕೊಂಡರೆ ಈ ಮಾತ್ರೆ ಹೆಚ್ಚಿನವರಿಗೆ ಉಪಕಾರವೇ ಮಾಡುತ್ತದೆ. ಅದಕ್ಕೂ ಮೀರಿ ನೋವು ಉಳಿದರೆ ಮಾತ್ರೆ ಮುಂದುವರಿಸುವುದಲ್ಲ, ನೋವು ಯಾಕೆ ಬಂತೆಂದು ನೋಡಿಸಬೇಕು. ವರ್ಷಗಟ್ಟಲೆ ದಿನಾ ತಿಂದರೆ ಮೂತ್ರಪಿಂಡಕ್ಕೆ ಹೋಗುವ ರಕ್ತವೇ ಕಡಿಮೆಯಾಗುತ್ತದೆ, ಬಿಪಿ ಏರುತ್ತದೆ, ಹೊಟ್ಟೆಯ ಒಳಪದರ ಹುಣ್ಣಾಗುತ್ತದೆ. ಹೇಮನ ಎರಡೂ ಮೂತ್ರಪಿಂಡಗಳು ಅರ್ಧಕ್ಕಿಂತ ಕಡಿಮೆ ಕೆಲಸ ಮಾಡುತ್ತಿದ್ದವು.

"ಹೋದದ್ದು ವಾಪಸ್ ಬರುದಿಲ್ಲ. ಉಳಿದದ್ದನ್ನು ಉಳಿಸ್ಬಹುದು. ಇವತ್ತಿಂದ ಇದು ಒಂದೂ ಬೇಡ."

"ಮತ್ತೆ ಕಾಲು ನೋವಿಗೆ?"

"ಅದಕ್ಕೆ ಬೇರೆ ದಾರಿ ಉಂಟು. ಮೂಳೆ ಡಾಕ್ಟ್ರು ನೋಡ್ಲಿ, ವ್ಯಾಯಾಮ ಉಂಟು, ಪ್ಯಾರಾಸಿಟಮಾಲ್ ಬೇಕಾದ್ರೆ ನಾನು ಹೇಳಿದಷ್ಟೇ. ಅದೂ ಲೆಕ್ಕ ತಪ್ಪಿದ್ರೆ ಲಿವರಿಗೆ ಕಷ್ಟ. ಮೊದಲು ನಿಂತು ಮಾಡುವ ಕೆಲಸ ಬಿಡಿ."

ಹೊರಗೆ ಬೆಂಚಿನಲ್ಲಿ ಕೂತ ಹೇಮಾ ರಿಪೋರ್ಟನ್ನು ಮಡಚಿ ಬ್ಯಾಗಿನ ಅಡಿಗೆ ಸೇರಿಸಿದಳು. ಆಮೇಲೆ ನನ್ನ ಕೈ ಹಿಡಿದು ಅವಳು ಹೇಳಿದ್ದು: "ಸರ್‌ಗೆ ಇದು ಗೊತ್ತಾಗುದು ಬೇಡ. ಪಾಪ, ಅವರಿಗೆ ಬೇಜಾರಾದೀತು."

ನನಗೆ ಮೈಯೆಲ್ಲ ಉರಿಯಿತು. ಅವಳ ಮಾತನ್ನು ನಾನು ಕೇಳಲಿಲ್ಲ. ಆ ಭಾನುವಾರವೇ ವಾಮಂಜೂರಿಗೆ ಹೋದೆ. ಸರ್ ರಿಟೈರಾಗಿ ಕೆಲವು ವರ್ಷವಾಗಿದ್ದರೂ ಹೈಸ್ಕೂಲಿನ ಹುಡುಗಿಯರಿಗೆ ಅದೇ ಮೈದಾನದಲ್ಲಿ ಕೋಚಿಂಗ್ ಮಾಡುತ್ತಿದ್ದಾರೆಂದು ಗೊತ್ತಿತ್ತು. ಗದ್ದೆಗಳಿದ್ದಲ್ಲಿ ಈಗ ಮನೆಗಳೆದ್ದಿದ್ದವು. ಸರ್ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಸೀಟಿ ಊದುತ್ತಿದ್ದರು. ನೆಟ್ ಕಟ್ಟುತ್ತಿದ್ದವನು ದಿನಕರ. ನಮಗಿಂತ ಒಂದು ವರ್ಷ ಚಿಕ್ಕವನು, ಆಗ ಹುಡುಗರ ಟೀಮಿನ ಕ್ಯಾಪ್ಟನ್. ಈಗ ಎರಡು ಟೆಂಪೋ ಇಟ್ಟುಕೊಂಡು ಸಾಮಾನು ಸಾಗಿಸುವ ಕೆಲಸ ಮಾಡುತ್ತಿದ್ದ. ಸರ್ ಎಂದರೆ ಅವನಿಗೆ ಪ್ರಾಣ.

ದಿನಕರನಿಗೆ ಕೇಳಿಸದಷ್ಟು ತಗ್ಗಿದ ದನಿಯಲ್ಲಿ ನಾನು ಸರ್‌ಗೆ ಎಲ್ಲವನ್ನೂ ಹೇಳಿದೆ. ಹೇಮನ ರಿಪೋರ್ಟಿನ ವಿಷಯ, ಡಾಕ್ಟರು ಹೇಳಿದ ಮಾತು. ಸರ್ ಹೆಗಲು ಕುಣಿಸಿದರು.

"ನಾನು ಅವಳಿಗಿಂತ ಜಾಸ್ತಿ ತಿಂದಿದ್ದೇನೆ. ನನಗೆ ಎಂತ ಆಗಿದೆ, ಹೇಳು ನೋಡುವ?"

"ನೀವು ಟೆಸ್ಟ್ ಮಾಡಿಸಿದ್ದೀರಾ ಸರ್?"

"ಟೆಸ್ಟ್ ಎಂತದಕ್ಕೆ? ನಾನು ಗಟ್ಟಿ ಇದ್ದೇನೆ. ಅವಳ ಬಾಡಿಯೇ ವೀಕ್. ಮೊದಲಿಂದಲೂ ವೀಕ್. ನಾನು ಎಳ್ಕೊಂಡು ಎಳ್ಕೊಂಡು ಆಡಿಸಿದ್ದು."

ಮೂತ್ರಪಿಂಡ ಕಳೆದುಕೊಂಡರೂ ಇವರಿಗೆ ಬೇಜಾರಾದೀತೆಂದು ಹೆದರುವ ಹೆಂಗಸಿಗೆ ಇವರು ಕೊಟ್ಟ ಹೆಸರು ವೀಕ್. ಅಷ್ಟರಲ್ಲಿ ಒಬ್ಬಳು ಹುಡುಗಿ ಕುಂಟುತ್ತಾ ಬಂದಳು. ಸರ್‌ನ ಕೈ ತಾನಾಗಿ ಜೇಬಿಗೆ ಹೋಯಿತು. ಸ್ಟ್ರಿಪ್ಪನ್ನು ಹಲ್ಲಿಗೆ ಕೊಟ್ಟರು.

"ಬೇಡ, ತಗೊಳ್ಬೇಡ" ಎಂದು ನಾನು ಆ ಹುಡುಗಿಯ ಕೈ ಹಿಡಿದೆ. "ಮನೆಗೆ ಹೋಗಿ ಅಮ್ಮನ ಹತ್ರ ಹೇಳು, ಕಾಲು ಡಾಕ್ಟ್ರಿಗೆ ತೋರಿಸ್ಲಿಕ್ಕೆ."

ಸರ್‌ನ ಮುಖ ಕೆಂಪಾಯಿತು. ದಿನಕರ ಓಡಿ ಬಂದ. "ಅಕ್ಕ, ಸರ್‌ನ ಎದುರು ಹಾಗೆಲ್ಲ ಮಾತಾಡ್ಬೇಡಿ. ನಮಗೆ ಅನ್ನ ಕೊಟ್ಟ ದೇವರು ಅವರು."

ಹುಡುಗಿ ನನ್ನ ಮುಖ ನೋಡಿದಳು, ಸರ್‌ನ ಮುಖ ನೋಡಿದಳು. ಕೊನೆಗೆ ಶೂ ಕೈಯಲ್ಲಿ ಹಿಡಿದು ಗೇಟಿನ ಕಡೆ ನಡೆದಳು. ಆ ದಿನ ನನಗೆ ಸಿಕ್ಕಿದ ಸಮಾಧಾನ ಅಷ್ಟೇ.

ಅದಾಗಿ ವರ್ಷದೊಳಗೆ ಸರ್ ಬಿದ್ದರು. ಅವರ ಹೆಂಡತಿಯೇ ನನಗೆ ಫೋನು ಮಾಡಿದ್ದು. ಅವರು ಪ್ರೈಮರಿ ಶಾಲೆಯಲ್ಲಿ ಕಲಿಸುತ್ತಿದ್ದವರು, ನಾವೆಲ್ಲ ಟೀಚರ್ ಎಂದೇ ಕರೆಯುವುದು. ಬೆಳಗ್ಗೆ ಹಲ್ಲುಜ್ಜುವಾಗ ಸರ್ ವಾಂತಿ ಮಾಡಿದ್ದರು. ಕಾಫಿಯ ಚರಟದ ಹಾಗೆ ಕಪ್ಪು ವಾಂತಿ. ಬಚ್ಚಲಿನ ಬಿಳಿ ಟೈಲ್ಸಿನ ಮೇಲೆಲ್ಲ ಅದೇ. ಆಸ್ಪತ್ರೆಯಲ್ಲಿ ಡಾಕ್ಟರು ಯಾವ ಮಾತ್ರೆ ತಗೊಳ್ತೀರಿ ಎಂದು ಕೇಳಿದಾಗ ಸರ್ ಕೈ ಅಲ್ಲಾಡಿಸಿ ಇಲ್ಲ ಎಂದರಂತೆ. ಹೊಟ್ಟೆಯೊಳಗೆ ಕ್ಯಾಮರಾ ಇಳಿಸಿದಾಗ ಹುಣ್ಣು ಕಂಡಿತು.

"ಮಲ ಎಷ್ಟೋ ಸಮಯದಿಂದ ಡಾಂಬರಿನ ಹಾಗೆ ಹೋಗ್ತಿತ್ತಂತೆ" ಎಂದು ಟೀಚರ್ ವಾರ್ಡಿನ ಹೊರಗೆ ನನಗೆ ಹೇಳಿದರು. "ಕೇಳಿದ್ರೆ ಕಬ್ಬಿಣದ ಟಾನಿಕ್ ಕುಡೀತಿದ್ದೇನೆ, ಅದರ ಬಣ್ಣ ಅಂದ್ರು. ಮನೆಯಲ್ಲಿ ಟಾನಿಕ್ಕೇ ಇಲ್ಲ. ನನ್ನ ಹತ್ರ ಎಂತದಕ್ಕೆ ಸುಳ್ಳು ಹೇಳ್ಬೇಕು ಹೇಳು?"

ರಕ್ತ ಕೊಟ್ಟರು, ಹುಣ್ಣಿಗೆ ಚಿಕಿತ್ಸೆಯಾಯಿತು. ನೋವಿನ ಮಾತ್ರೆ ಇನ್ನು ಮುಟ್ಟಿದರೆ ಜೀವಕ್ಕೆ ಅಪಾಯ, ಮೊಣಕಾಲಿಗೆ ಆಪರೇಷನ್ ಮಾಡಿಸಬಹುದು, ಅಲ್ಲಿಯವರೆಗೆ ವಾಕರ್ ಹಿಡಿದು ನಡೆಯಿರಿ ಎಂದರು ಡಾಕ್ಟರು. ಹಾಸಿಗೆಯಲ್ಲಿ ಸರ್ ಅರ್ಧ ಆಗಿದ್ದರು. ಕೆನ್ನೆ ಒಳಗೆ ಹೋಗಿತ್ತು. ನನ್ನನ್ನು ನೋಡಿ ಕಣ್ಣಲ್ಲಿ ನೀರು ತಂದುಕೊಂಡರು. ಟೀಚರ್ ಚಹಾ ತರಲು ಕ್ಯಾಂಟೀನಿಗೆ ಹೋದರು.

ಅವರು ಬಾಗಿಲ ಆಚೆ ಹೋದದ್ದೇ ತಡ, ಸರ್ ನನ್ನ ಮಣಿಕಟ್ಟು ಹಿಡಿದು ಹತ್ತಿರ ಎಳೆದರು. ಬಾಯಿಯಿಂದ ಹಳಸಿದ ವಾಸನೆ ಬರುತ್ತಿತ್ತು.

"ಕೆಳಗೆ ಮೆಡಿಕಲ್ ಉಂಟಲ್ಲ. ಒಂದು ಸ್ಟ್ರಿಪ್ ತಂದು ದಿಂಬಿನ ಅಡಿಯಲ್ಲಿ ಇಡು. ಅವಳಿಗೆ ಗೊತ್ತಾಗ್ಬಾರ್ದು."

"ಸರ್, ನಿಮಗೆ ರಕ್ತ ಹೋಗಿದೆ."

"ಕಾಲು ನೋವು ತಡೀಲಿಕ್ಕೆ ಆಗುದಿಲ್ಲ, ಮಗಾ. ಮೂಳೆ ಮೂಳೆ ತಿಕ್ಕಿದ ಹಾಗೆ ಆಗ್ತದೆ. ನಿನಗೆ ಗೊತ್ತಿಲ್ಲ. ಒಂದೇ ಒಂದು ಸಾಕು."

ಅಷ್ಟು ವರ್ಷಗಳಲ್ಲಿ ತನಗೆ ನೋವು ಉಂಟೆಂದು ಅವರ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಕನಿಕರ ಬರಲಿಲ್ಲವೆಂದಲ್ಲ. ನರ್ಸನ್ನು ಕರೆಯುತ್ತೇನೆ, ನೋವು ಎಂದು ಡಾಕ್ಟರಿಗೆ ಹೇಳುವ, ಹೊಟ್ಟೆಗೆ ತೊಂದರೆಯಾಗದ್ದು ಏನಾದರೂ ಕೊಡುತ್ತಾರೆ ಎಂದೆ.

"ಅವರಿಗೆ ಹೇಳ್ಬೇಡ" ಎಂದು ಹಲ್ಲು ಕಚ್ಚಿದರು. "ನಾನು ಯಾರ ಹತ್ರವೂ ನೋವು ಅಂತ ಹೇಳುದಿಲ್ಲ."

"ಹಾಗಾದ್ರೆ ನಾನೂ ತರುದಿಲ್ಲ ಸರ್."

ಕೈ ಬಿಟ್ಟರು. ಗೋಡೆಯ ಕಡೆ ಮುಖ ತಿರುಗಿಸಿದರು. "ಅದಕ್ಕೇ ನಿನ್ನನ್ನು ಬೆಂಚಿನಲ್ಲಿ ಕೂರಿಸ್ತಿದ್ದದ್ದು" ಎಂದರು.

ಬಂದ ಕನಿಕರ ಬಂದ ಹಾಗೇ ಹೋಯಿತು. ಆ ಹಾಸಿಗೆಯಲ್ಲೂ ಮನುಷ್ಯನಿಗೆ ಚುಚ್ಚಲು ಒಂದು ಜಾಗ ಬೇಕಿತ್ತು. ನಾನು ಹೊರಗೆ ಬಂದು ಟೀಚರಿಗೆ ವಿಷಯ ಹೇಳಿದೆ, ಡಾಕ್ಟರಿಗೂ ಹೇಳಿದೆ. ಡಾಕ್ಟರು ಬೇರೆ ಮದ್ದು ಬರೆದರು. ಮನೆಗೆ ಬಂದ ಮೇಲೆ ಟೀಚರ್ ಮನೆಯಲ್ಲಿದ್ದ ಸ್ಟ್ರಿಪ್ಪುಗಳನ್ನೆಲ್ಲ ಹುಡುಕಿ ತೆಗೆದು ಬಿಸಾಡಿದರು. ಶೂವಿನೊಳಗೆ, ಮ್ಯಾಚಿನಲ್ಲಿ ಗೆದ್ದ ಹಳೆಯ ಕಪ್‌ಗಳೊಳಗೆ, ಅಕ್ಕಿ ಡಬ್ಬದಲ್ಲಿ ಸಹ ಇತ್ತಂತೆ. ಸರ್ ವಾಕರನ್ನು ಒಂದು ದಿನವೂ ಮುಟ್ಟಲಿಲ್ಲ. ಜನ ನೋಡಿ ನಗುತ್ತಾರೆ ಎಂದರಂತೆ. ಆಪರೇಷನ್ನಿನ ಮಾತೆತ್ತಿದರೆ ಬೈಗಳು.

ಆರು ತಿಂಗಳು ಕಳೆಯುವಷ್ಟರಲ್ಲಿ ಮತ್ತೆ ರಕ್ತ ಹೋಯಿತು. ಈ ಸಲ ಆಸ್ಪತ್ರೆಯವರೆಗೆ ಮುಟ್ಟಿದರು, ಆದರೆ ಉಳಿಯಲಿಲ್ಲ. ಹುಣ್ಣು ಮಾಯುತ್ತಿತ್ತಲ್ಲ, ಪುನಃ ಹೇಗೆ ಒಡೆಯಿತು ಎಂದು ಟೀಚರ್ ನನ್ನ ಹತ್ತಿರ ಎಷ್ಟು ಸಲ ಕೇಳಿದರೋ. ತಾನು ಕೊಟ್ಟ ಊಟದಲ್ಲಿ ಖಾರ ಹೆಚ್ಚಾಯಿತಾ ಎಂದು ಅವರಿಗೆ ಸಂಶಯ. ಸಾರಿಗೆ ಮೆಣಸು ಹಾಕುವುದನ್ನೇ ನಿಲ್ಲಿಸಿದ್ದೆ ಎಂದು ಹೇಳಿ ಅಳುತ್ತಿದ್ದರು.

ಶ್ರದ್ಧಾಂಜಲಿ ಸಭೆ ಪೇಟೆಯ ಒಂದು ಹಾಲಿನಲ್ಲಿ ನಡೆಯಿತು. ಹೋಗುವ ಮನಸ್ಸು ನನಗಿರಲಿಲ್ಲ. ಹೇಮಾ ಹಟ ಮಾಡಿ ಕರೆದುಕೊಂಡು ಹೋದಳು. ಅವಳು ಆಗಲೇ ಬಟ್ಟೆ ಅಂಗಡಿಯಲ್ಲಿ ಕ್ಯಾಶಿನ ಕುರ್ಚಿಗೆ ಬದಲಾಗಿದ್ದಳು. ಉಪ್ಪು ಕಡಿಮೆ, ಬಿಪಿಯ ಮದ್ದು, ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಮೂತ್ರಪಿಂಡದ ಕೆಲಸ ಇದ್ದಷ್ಟಕ್ಕೇ ನಿಂತಿತ್ತು, ಇನ್ನೂ ಕಡಿಮೆಯಾಗಿರಲಿಲ್ಲ. ಸ್ಟೇಜಿನ ಮೇಲೆ ಸರ್‌ನ ದೊಡ್ಡ ಫೋಟೋ, ಅದಕ್ಕೆ ಮಲ್ಲಿಗೆ ಹಾರ. ಒಬ್ಬರಾದ ಮೇಲೆ ಒಬ್ಬರು ಬಂದು ಹೊಗಳಿದರು. ಯಾರೋ ಒಬ್ಬರು ಪ್ರಸಾದದ ಕತೆ ಹೇಳಿದಾಗ ಸಭೆಗೆ ಸಭೆಯೇ ನಕ್ಕಿತು. ನನಗೆ ಎದ್ದು ಹೋಗುವ ಹಾಗಾಯಿತು. ಹೇಮಾ ಕೈ ಹಿಡಿದು ಕೂರಿಸಿದಳು.

ಕೊನೆಗೆ ದಿನಕರ ಮೈಕ್ ಹಿಡಿದ. ಮಾತು ಬರುವ ಮೊದಲೇ ಅತ್ತ.

"ಆಸ್ಪತ್ರೆಯಿಂದ ಬಂದ ಮೇಲೆ ಸರ್‌ಗೆ ಭಾರೀ ನೋವಿತ್ತು" ಎಂದ. "ಯಾರೂ ಅವರಿಗೆ ಮಾತ್ರೆ ಕೊಡ್ಲಿಲ್ಲ. ನನ್ನ ಹತ್ರ ಕೈ ಮುಗಿದು ಕೇಳಿದ್ರು. ಅಷ್ಟು ದೊಡ್ಡ ಮನುಷ್ಯ ನನ್ನ ಹತ್ರ ಕೈ ಮುಗಿಯುದಾ? ನಾನು ಪ್ರತಿ ವಾರ ಟೆಂಪೋದಲ್ಲಿ ಹೋಗುವಾಗ ತಂದು ಕಿಟಕಿಯಿಂದ ಕೊಡ್ತಿದ್ದೆ. ಗುರುಗಳಿಗೆ ಅಷ್ಟಾದ್ರೂ ಸೇವೆ ಮಾಡ್ಲಿಕ್ಕೆ ಸಿಕ್ಕಿತಲ್ಲ, ಅದೇ ನನ್ನ ಪುಣ್ಯ."

ಜನ ಚಪ್ಪಾಳೆ ತಟ್ಟಿದರು. ಕೆಲವರು ಕಣ್ಣು ಒರೆಸಿಕೊಂಡರು.

ಮುಂದಿನ ಸಾಲಿನಲ್ಲಿದ್ದ ಟೀಚರ್ ಎದ್ದು ನಿಂತರು. ಚಪ್ಪಾಳೆ ಒಂದೊಂದಾಗಿ ನಿಂತಿತು.

"ನೀನಾ?" ಎಂದರು.

ಅಷ್ಟೇ. ಮೈಕಿಲ್ಲದೆ ಹೇಳಿದರೂ ಹಿಂದಿನ ಸಾಲಿನ ನಮಗೆ ಕೇಳಿಸಿತು. ಆಮೇಲೆ ಸೆರಗು ಸರಿಮಾಡಿಕೊಂಡು, ಯಾರ ಕಡೆಗೂ ನೋಡದೆ ಬಾಗಿಲ ಕಡೆಗೆ ನಡೆದರು. ಹೇಮಾ ಕುಂಟಿಕೊಂಡು ಅವರ ಹಿಂದೆ ಹೋದಳು, ನಾನೂ ಹೋದೆ. ಹೊರಗಿನ ಮೆಟ್ಟಿಲ ಮೇಲೆ ಟೀಚರ್ ಕಂಬ ಹಿಡಿದು ನಿಂತಿದ್ದರು. ಅಳುತ್ತಿರಲಿಲ್ಲ.

"ನಾನು ಮೆಣಸಿನಿಂದ ಅಂತ ಎಣಿಸಿದ್ದೆ" ಎಂದರು.

ಅಷ್ಟರಲ್ಲಿ ದಿನಕರ ಓಡಿ ಬಂದ. ಕೈಯಲ್ಲಿ ಇನ್ನೂ ಮೈಕಿತ್ತು, ಅದರ ವಯರು ಹೊಸ್ತಿಲವರೆಗೆ ಎಳೆದುಕೊಂಡು ಬಂದಿತ್ತು. "ಟೀಚರ್, ನಾನು ಎಂತ ತಪ್ಪು ಮಾತಾಡಿದೆ?" ಎಂದು ಕೇಳಿದ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅದೇ ನನಗೆ ತಡೆಯಲಾಗದ್ದು.

ಉತ್ತರ ಕೊಟ್ಟವಳು ಹೇಮಾ. ಸರ್‌ನ ಬಗ್ಗೆ ಒಂದು ಮಾತೂ ಆಡಲು ಬಿಡದಿದ್ದ ಹೇಮಾ.

"ಆ ಮಾತ್ರೆಯಿಂದಲೇ ಸರ್ ಹೋದದ್ದು ದಿನಕರ. ನನ್ನ ಕಿಡ್ನಿ ಹೋದದ್ದೂ ಅದರಿಂದಲೇ. ನನಗೆ ಕೊಟ್ಟದ್ದು ಸರ್."

ದಿನಕರ ಮೈಕನ್ನು ಎರಡೂ ಕೈಯಲ್ಲಿ ಹಿಡಿದು ನಿಂತ. ಅವನ ಮುಖದ ಬಣ್ಣ ಇಳಿಯುವುದು ಕಾಣುತ್ತಿತ್ತು. "ಹೇಮಕ್ಕ, ನಾನು ಕೂಡ ದಿನಾ ತಗೊಳ್ತೇನಲ್ಲ" ಎಂದ. "ಬೆನ್ನಿಗೆ. ಲೋಡ್ ಎತ್ತುವಾಗ."

ಹಾಲಿನ ಒಳಗಿಂದ ಊಟಕ್ಕೆ ಏಳಿ, ಊಟಕ್ಕೆ ಏಳಿ ಎಂದು ಕರೆಯುವುದು ಕೇಳುತ್ತಿತ್ತು. ಕುರ್ಚಿಗಳು ಸರಿದವು.

ಟೀಚರ್ ಕಂಬ ಬಿಟ್ಟು ಒಂದು ಮೆಟ್ಟಿಲು ಹತ್ತಿ ಅವನ ಹತ್ತಿರ ಹೋದರು. ನಾನು ಅವರು ಅವನ ಕೆನ್ನೆಗೆ ಹೊಡೆಯುತ್ತಾರೆಂದೇ ಎಣಿಸಿದ್ದೆ.

"ಇವತ್ತಿಂದ ಬೇಡ" ಎಂದರು. "ನಾಳೆ ಬೆಳಗ್ಗೆ ಹೋಗಿ ರಕ್ತ ಪರೀಕ್ಷೆ ಮಾಡಿಸು. ಹೇಮನನ್ನು ಕರ್ಕೊಂಡು ಹೋಗು, ಅವಳಿಗೆ ಡಾಕ್ಟ್ರು ಗೊತ್ತುಂಟು."

ದಿನಕರ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತ. ಟೀಚರ್ ಅವನ ಪಕ್ಕದಲ್ಲೇ ಕೂತರು, ಹೇಮಾ ಕಂಬಕ್ಕೆ ಒರಗಿದಳು.

ನನಗೆ ಅಷ್ಟು ದೊಡ್ಡ ಮನಸ್ಸಿಲ್ಲ. ನಾನು ರಸ್ತೆಗೆ ಇಳಿದು ಆಟೋ ಹುಡುಕಲು ಹೋದೆ.